ಗಾಡಿ ಬಿಡಬೇಡಿ

ಬೇಸಗೆಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಗೆ ನೀರಿನ ಟ್ಯಾಂಕರ್ ಬರುತ್ತದೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಬೊರಿವಲಿಯ ಈ ಭಾಗದ ನಲ್ಲಿಗಳಲ್ಲಿ ಬರೀ ಗಾಳಿ ಬರುತ್ತದೆ. ಆಗ ಬೆಳಿಗ್ಗೆ ಹಾಲಿನವನ ಹಿಂದೆಯೇ ಟ್ಯಾಂಕರ್ ಬಂದು, ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ ನಿಂತು, ಎಂಜಿನ್ ಆರಿಸದೆಯೇ ನೀರು ಇಳಿಸುತ್ತದೆ. ಬಿಸಿ ಡೀಸೆಲ್ಲಿನ ಹೊಗೆ, ಅದರ ಜೊತೆಗೆ ಒದ್ದೆಯಾದ ರೆಕ್ಸಿನ್ ಸೀಟಿನ ವಾಸನೆ ಮೇಲೆ ಬರುತ್ತದೆ. ನನ್ನ ಹೆಂಡತಿ ವತ್ಸಲಾ ಕಿಟಕಿ ಮುಚ್ಚುತ್ತಾಳೆ. ಅವಳು ಅತ್ತ ಹೋದೊಡನೆ ನಾನು ತೆರೆಯುತ್ತೇನೆ. ಎಪ್ಪತ್ತು ದಾಟಿದ ಗಂಡಸು ಕದ್ದು ಡೀಸೆಲ್ ಹೊಗೆ ಮೂಸುವುದು ಗೌರವದ ವಿಷಯವಲ್ಲ, ಒಪ್ಪಿದೆ. ಆದರೆ ನೀವು ಸ್ವಲ್ಪ ಹೊತ್ತು ಈ ಕಿಟಕಿಯ ಬಳಿ ನನ್ನ ಪಕ್ಕದಲ್ಲಿ ನಿಲ್ಲುವುದಾದರೆ ಕಾರಣ ಹೇಳುತ್ತೇನೆ.

ಆ ವಾಸನೆ ಒಂದು ಕಾರಿನದು. ಕಾರು ಎಂದೊಡನೆ ನಿಮ್ಮ ಕಣ್ಣಿಗೆ ಬರುವಂಥದ್ದಲ್ಲ. ಅಮೆರಿಕದ್ದು, ಎರಡೇ ಬಾಗಿಲಿನದು, ಮೂತಿ ಅದರ ಒಡಲಿಗಿಂತ ಉದ್ದ. ಅಲ್ಲಿಯ ಹುಡುಗರು ಪಂದ್ಯ ಕಟ್ಟಿ ಓಡಿಸುತ್ತಿದ್ದ ಜಾತಿ. ಮುಂಬಯಿಯಲ್ಲಿ ದೊಡ್ಡ ಅಮೆರಿಕನ್ ಕಾರಿಗೆಲ್ಲ ಇಂಪಾಲಾ ಎಂದೇ ಹೆಸರು, ಅದು ಇಂಪಾಲಾ ಅಲ್ಲದಿದ್ದರೂ. ನಮ್ಮದೂ ಅಲ್ಲ. ನನ್ನ ಕೈಗೆ ಬರುವ ಹೊತ್ತಿಗೆ ಅದು ಏನು ಎಂದು ಅದನ್ನು ಹುಟ್ಟಿಸಿದವರಿಗೂ ಗುರುತು ಸಿಗುವಂತಿರಲಿಲ್ಲ. ಅಂಥದ್ದನ್ನು ನಾನು ಏಕೆ ಕೊಂಡೆ ಎಂದು ಹೇಳಬೇಕಾದರೆ ಮೊದಲು ಒಂದು ಬೆಳಗಿನ ವಿಷಯ ಹೇಳಬೇಕು. ಅದನ್ನು ನಾನು ನಿಧಾನವಾಗಿಯೇ ಹೇಳಬಲ್ಲೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಊರಿನ ದಕ್ಷಿಣ ತುದಿಯ ಫೋರ್ಟಿನ ಒಂದು ಕಂಪನಿಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಯಂತ್ರಗಳ ನಕ್ಷೆ ಬರೆಯುವ ಕೆಲಸ. ವತ್ಸಲಾ ದಾದರಿನ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಅಂದು ಬೆಳಿಗ್ಗೆ ಎಂದಿನ ಫಾಸ್ಟ್ ಲೋಕಲ್ ರೈಲಿನಲ್ಲಿ ನಾನು ಬಾಗಿಲಿನಿಂದ ಎರಡನೆಯವನಾಗಿ ನಿಂತಿದ್ದೆ. ಬಾಂದ್ರಾದಲ್ಲಿ ಒಬ್ಬರು ಹತ್ತಿ ನನ್ನ ಮುಂದೆ, ಅಂಚಿನಲ್ಲಿ ನಿಂತರು. ಕಂದು ಬಣ್ಣದ ಅರ್ಧ ತೋಳಿನ ಅಂಗಿ. ಬಾಗಿಲಲ್ಲಿ ನೇತಾಡುವವರ ಚೀಲವನ್ನು ಒಳಗಿನವರು ಕೈಯಿಂದ ಕೈಗೆ ದಾಟಿಸಿ ಮೇಲಿನ ಕಂಬಿಗಳ ಮೇಲೆ ಇಡುವುದು ಲೋಕಲ್ಲಿನ ಪದ್ಧತಿ. ಯಾರೂ ಕೇಳಬೇಕಿಲ್ಲ, ಯಾರೂ ಉಪಕಾರ ಹೇಳಬೇಕಿಲ್ಲ. ಅವರು ಚೀಲ ಕೊಟ್ಟರು. ನಾನು ಹಿಂದಕ್ಕೆ ತಿರುಗಿ ದಾಟಿಸಿದೆ. ಮತ್ತೆ ಮುಂದಕ್ಕೆ ತಿರುಗಿದಾಗ ಅವರು ಅಲ್ಲಿ ಇರಲಿಲ್ಲ.

ಅಷ್ಟೇ ನಾನು ಕಂಡದ್ದು. ಅವರು ಬಿದ್ದದ್ದನ್ನು ನಾನು ನೋಡಲಿಲ್ಲ. ಅವರಿದ್ದ ಜಾಗದಲ್ಲಿ ಬೆಳಕು ಮಾತ್ರ ಇದ್ದುದನ್ನು ನೋಡಿದೆ. ದಾದರಿನಲ್ಲಿ ಆ ಚೀಲ ಇಳಿಸಿಕೊಂಡು ಸ್ಟೇಷನ್ ಆಫೀಸಿಗೆ ಕೊಟ್ಟೆ. ಒಳಗಿನ ಊಟದ ಡಬ್ಬಿ ಇನ್ನೂ ಬೆಚ್ಚಗಿತ್ತು. ಅವರಿಗೆ ಏನಾಯಿತು ಎಂದು ಯಾರೂ ನನಗೆ ಹೇಳಲಿಲ್ಲ, ಕೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನದಿಂದ ನನಗೆ ಲೋಕಲ್ ಹತ್ತಲು ಆಗಲಿಲ್ಲ. ಪ್ಲಾಟ್‌ಫಾರ್ಮಿಗೆ ಹೋಗುತ್ತೇನೆ, ಗಾಡಿ ಬರುತ್ತದೆ, ತೆರೆದ ಬಾಗಿಲು ಕಾಣುತ್ತದೆ, ಕೈ ನಡುಗುತ್ತದೆ, ಗಾಡಿ ಹೋಗುತ್ತದೆ. ಬಸ್ಸು ಬದಲಿಸಿ ಬದಲಿಸಿ ಆಫೀಸು ಮುಟ್ಟುವಾಗ ಮಿಕ್ಕವರು ಮಧ್ಯಾಹ್ನದ ಊಟಕ್ಕೆ ಕೈ ತೊಳೆಯುತ್ತಿರುತ್ತಿದ್ದರು. ಆಮೇಲೆ ಬೋರ್ಡಿನ ಮುಂದೆ ನಿಂತರೆ ಗೆರೆ ನೆಟ್ಟಗೆ ಬರುತ್ತಿರಲಿಲ್ಲ. ನಮ್ಮ ಚೀಫ್ ಕೆಟ್ಟವರಲ್ಲ. ಮಳೆಗಾಲ ಶುರುವಾಗುವವರೆಗೆ ನೋಡೋಣ, ಆಮೇಲೂ ಹೀಗೇ ಆದರೆ ನೀವು ಮೈಸೂರಿಗೆ ಹೋಗಿ ಬೇರೆ ಏನಾದರೂ ಮಾಡುವುದು ಒಳ್ಳೆಯದು ಎಂದರು. ಮೈಸೂರಿಗೆ ಹೋಗುವುದೆಂದರೆ ಅಣ್ಣನ ಊದುಬತ್ತಿ ಅಂಗಡಿಯಲ್ಲಿ ಕೂರುವುದು. ವತ್ಸಲಾಳ ಶಾಲೆಯೂ ಹೋಯಿತೆಂದೇ ಅರ್ಥ. ಮಕ್ಕಳ ಕಾಪಿ ಪುಸ್ತಕಗಳನ್ನು ತಿದ್ದುತ್ತ ಕೂತಿದ್ದವಳು ಆ ಸಂಜೆ ಪ್ರತಿ ಪುಟಕ್ಕೂ ಸಹಿ ಹಾಕಿದಳು, ಒಂದನ್ನೂ ತಿದ್ದಲಿಲ್ಲ.

ನಮ್ಮ ಗಲ್ಲಿಯ ಡಾಕ್ಟರು ಮರಾಠಿಯವರು. ನನ್ನ ನಾಡಿ ಹಿಡಿದು, ಕೈ ಚಾಚಿಸಿ, ಕೊನೆಗೆ ಒಂದೇ ಮಾತು ಹೇಳಿದರು: "ಗಾಡಿ ಸೋಡೂ ನಕಾ." ನನ್ನ ಮರಾಠಿ ಅಷ್ಟಕ್ಕಷ್ಟೇ, ಆದರೆ ಸೋಡಣೆ ಎಂದರೆ ಬಿಡುವುದು, ಅದು ಗೊತ್ತು. ಮನೆಗೆ ಬಂದು ವತ್ಸಲಾಳಿಗೆ ಅದನ್ನೇ ಕನ್ನಡದಲ್ಲಿ ಹೇಳಿದೆ.

"ಡಾಕ್ಟರು ಗಾಡಿ ಬಿಡಬೇಡಿ ಅಂದ್ರು."

ಅವಳು ತಲೆ ಎತ್ತಿದಳು. "ಬಿಡಬೇಡಿ ಅನ್ನೋಕೆ ನಮ್ಮ ಹತ್ರ ಗಾಡಿ ಎಲ್ಲಿದೆ ರೀ?"

ಹಳೇ ಮೈಸೂರಿನವರು ನೀವಾಗಿದ್ದರೆ ನಮ್ಮ ತಪ್ಪು ನಿಮಗೆ ಆಗಲೇ ತಿಳಿದಿರುತ್ತದೆ. ನಮ್ಮ ಕಡೆ ಸೈಕಲ್ಲಾಗಲಿ ಕಾರಾಗಲಿ ಓಡಿಸುವುದು ಎನ್ನುವುದಕ್ಕಿಂತ ಬಿಡುವುದು ಎನ್ನುವುದೇ ಹೆಚ್ಚು. ಕೈ ನಡುಗುವವನಿಗೆ ಡಾಕ್ಟರು ಕಾರು ಓಡಿಸಬೇಡಿ ಎಂದಿದ್ದಾರೆ, ಇವರಿಗೆ ಕಾರಿದೆ ಎಂದುಕೊಂಡಿದ್ದಾರೆ ಪಾಪ, ಎಂದು ನಾವಿಬ್ಬರೂ ಬಹಳ ದಿನಗಳ ಮೇಲೆ ನಕ್ಕೆವು. ಮುಂಬಯಿಯಲ್ಲಿ ಗಾಡಿ ಎಂದರೆ ಮೊದಲು ಲೋಕಲ್ಲು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯುವುದು ಬೇಡವಾಗಿತ್ತೋ ಏನೋ. ಆದರೆ ಆ ನಗುವಿನ ಜೊತೆ ಒಂದು ವಿಚಾರ ತಲೆಯೊಳಕ್ಕೆ ಬಂದು ಕೂತಿತು. ಬಿಡಬೇಡಿ ಎನ್ನಬೇಕಾದರೆ ಬಿಡುವುದಕ್ಕೆ ಬರುವವನು ಎಂದಾಯಿತಲ್ಲ. ಮೈಸೂರಿನಲ್ಲಿ ಸೋದರಮಾವನ ಅಂಬಾಸಡರಿನಲ್ಲಿ ನಾನು ಕಲಿತಿದ್ದೆ. ಲೈಸೆನ್ಸೂ ಇತ್ತು.

ಹೊಸ ಕಾರು ನಮ್ಮ ಅಳತೆಯದಲ್ಲ. ಹಳೆಯ ಪದ್ಮಿನಿಗೂ ಕೈ ಸಾಲದು. ಗೋರೆಗಾಂವಿನಲ್ಲಿ ನಾನು ಬಸ್ಸು ಬದಲಿಸುವ ಕಡೆ ಬಸಣ್ಣ ಎಂಬ ಗದುಗಿನ ಕಡೆಯ ಮೆಕ್ಯಾನಿಕ್ಕಿನ ತಗಡಿನ ಶೆಡ್ಡು ಇತ್ತು. ಕನ್ನಡ ಕೇಳಿಸಿತೆಂದು ಮಾತಾಡಿಸಿದೆ. ಎಂಥ ಗಾಡಿ ಬೇಕು ಎಂದ. ಬಾಗಿಲು ಗಟ್ಟಿ ಇರಬೇಕು ಎಂದೆ. ಅವನು ನನ್ನ ಮುಖವನ್ನೇ ನೋಡಿದ.

"ಮಂದಿ ಎಂಜಿನ್ ಕೇಳ್ತಾರ, ಟಾಯರ್ ಕೇಳ್ತಾರ. ನೀವ್ ಬಾಗಲಾ ಕೇಳಾಕತ್ತೀರಿ. ಮನಿ ಕಟ್ಟಸ್ತೀರೇನ್ರೀ?"

ಹಾಗೆ ನಕ್ಕವನೇ ಒಂದು ಭಾನುವಾರ ನನ್ನನ್ನು ಬಾಂದ್ರಾಕ್ಕೆ ಕರೆದುಕೊಂಡು ಹೋದ. ಅಲ್ಲಿ ಪೀಟರ್ ಎಂಬ ಮಂಗಳೂರು ಕಡೆಯ ಹಿರಿಯರೊಬ್ಬರು ಸಿನಿಮಾ ಶೂಟಿಂಗಿಗೆ ಹಳೆಯ ಕಾರುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಅವರ ಅಂಗಳದ ಮೂಲೆಯಲ್ಲಿ, ಬಾದಾಮಿ ಮರದ ಕೆಳಗೆ, ಅದು ನಿಂತಿತ್ತು. ನಾವು ಬಂದ ಕಡೆಯಿಂದ ಕೆಂಪು ಕಾರು. ಸುತ್ತು ಹಾಕಿ ಆ ಕಡೆ ಹೋದರೆ ಬಿಳಿ ಕಾರು.

"ಹೀರೋಗೆ ಕೆಂಪು ಬದಿ, ವಿಲನ್ನಿಗೆ ಬಿಳಿ ಬದಿ," ಎಂದರು ಪೀಟರ್. "ಕ್ಯಾಮೆರಾ ಇಡುವವನಿಗೆ ಬುದ್ಧಿ ಇದ್ದರೆ ಒಂದೇ ಗಾಡಿಯಲ್ಲಿ ಚೇಸಿಂಗ್ ಸಹ ಮಾಡ್ಬಹುದು ಮಾರಾಯ್ರೆ. ಮಾಡಿದ್ದೂ ಉಂಟು."

ಮುಂದೆ ಎಂಟು ಸಿಲಿಂಡರಿನ ದೊಡ್ಡ ಪೆಟ್ರೋಲ್ ಎಂಜಿನ್ ಇದ್ದ ಜಾಗದಲ್ಲಿ ಯಾವುದೋ ಟೆಂಪೋದ ಡೀಸೆಲ್ ಎಂಜಿನ್ ಕೂರಿಸಿದ್ದರು. ಪೆಟ್ರೋಲ್ ಕುಡಿಸಿ ಅದನ್ನು ಸಾಕುವವರು ಆಗ ಯಾರೂ ಇರಲಿಲ್ಲ. ಹೀರೋ ಎದ್ದು ನಿಂತು ಹಾಡಲೆಂದು ತಲೆಯ ಮೇಲಿನ ತಗಡನ್ನು ಒಮ್ಮೆ ಕತ್ತರಿಸಿ ಮತ್ತೆ ಬೆಸುಗೆ ಹಾಕಿದ್ದರು. ಎಡಗಡೆಯ ಸ್ಟಿಯರಿಂಗನ್ನು ಬಲಕ್ಕೆ ತಂದು ಡ್ಯಾಶ್‌ಬೋರ್ಡಿನ ಕೆಳಗೆ ಸೈಕಲ್ ಚೈನಿನಿಂದ ಜೋಡಿಸಿದ್ದರು. ಸಿನಿಮಾಕ್ಕೆ ಅಷ್ಟು ಸಾಕು, ನಾಲ್ಕು ಮಾರು ಓಡಿದರೆ ಆಯಿತು.

ನಾನು ಸುಮ್ಮನೆ ನೋಡಲು ಹೋದವನು. ಒಳಗೆ ಕೂತು ಬಾಗಿಲು ಎಳೆದುಕೊಂಡೆ. ಅಷ್ಟು ಉದ್ದದ, ಅಷ್ಟು ಭಾರದ ಬಾಗಿಲು ನಾನು ಅದುವರೆಗೆ ಮುಚ್ಚಿರಲಿಲ್ಲ. ದಪ್ಪನೆಯ ಒಂದು ಸದ್ದಿನೊಂದಿಗೆ ಅದು ಕಚ್ಚಿಕೊಂಡಿತು, ಹೊರಗಿನ ಮಾತು ನಿಂತಿತು. ನಾನು ಕೈಗಳನ್ನು ಸ್ಟಿಯರಿಂಗಿನ ಮೇಲೆ ಇಟ್ಟು ನೋಡಿದೆ. ನಡುಗುತ್ತಿರಲಿಲ್ಲ. ಬಾಗಿಲನ್ನು ಮತ್ತೊಮ್ಮೆ ತೆರೆದು, ಮತ್ತೊಮ್ಮೆ ಮುಚ್ಚಿ ನೋಡಿದೆ. ಆಗಲೂ ಇಲ್ಲ. ಕಿಟಕಿಯ ಗಾಜಿನ ಆಚೆ ಬಸಣ್ಣ ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದ. ನಾನು ಗಾಜು ಇಳಿಸಿ, ತಗೊಂಡೆ ಎಂದೆ.

ವತ್ಸಲಾ ಅದನ್ನು ಬಸಣ್ಣನ ಶೆಡ್ಡಿನಲ್ಲಿ ಮೊದಲ ಸಲ ನೋಡಿದಾಗ ಸುತ್ತಲೂ ನಿಧಾನವಾಗಿ ಪ್ರದಕ್ಷಿಣೆ ಹಾಕಿ, ಕೊನೆಗೆ "ಒಳ್ಳೇದು, ನಮ್ಮ ಮನೆ ಸೋರಿದ್ರೆ ಇದರಲ್ಲೇ ಇರಬಹುದು" ಎಂದಳು. ಆಮೇಲೆ ತಾನೂ ಒಳಗೆ ಕೂತು ಬಾಗಿಲು ಮುಚ್ಚಿ ನೋಡಿದಳು. ಅಂದಿನಿಂದ ಬಸಣ್ಣನಿಗೆ ಚಕ್ಕುಲಿಯ ಡಬ್ಬಿ ಹೋಗತೊಡಗಿತು.

ರಿಪೇರಿಯ ದಿನಗಳು ನನ್ನ ಜೀವನದ ಅತಿ ಸುಖದ ದಿನಗಳ ಸಾಲಿಗೆ ಸೇರುತ್ತವೆ. ಸಂಜೆ ಬಸ್ಸಿನಿಂದ ಗೋರೆಗಾಂವಿನಲ್ಲಿ ಇಳಿದು, ಬಸಣ್ಣನ ಜೊತೆ ಕಾರಿನ ಕೆಳಗೆ ಮಲಗುತ್ತಿದ್ದೆ. ತುಕ್ಕು ತಿಂದ ನೆಲದ ತಗಡು ಕಿತ್ತು ಹೊಸದು ಹಾಕಿದೆವು. ಬ್ರೇಕಿಗೆ ಲಾರಿಯದೊಂದು ಸಿಲಿಂಡರ್ ಬಂತು. ಟೆಂಪೋ ಎಂಜಿನ್ ಬಾನೆಟ್ಟಿನೊಳಗೆ ಉಸಿರು ಕಟ್ಟಿ ಕಪ್ಪು ಹೊಗೆ ಉಗುಳುತ್ತಿತ್ತು. ಗಾಳಿ ಮೇಲಿನಿಂದ ಬರಬೇಕು ಎಂದು ನಾನು ನಕ್ಷೆ ಬರೆದೆ. ಬಸಣ್ಣ ಬಾನೆಟ್ಟಿಗೆ ತೂತು ಕೊರೆದು, ಕೊಳವೆ ಎತ್ತರಿಸಿ, ಅದರ ತುದಿಗೆ ಗಾಳಿ ಸೋಸುವ ಡಬ್ಬವನ್ನು ಕೂರಿಸಿದ. ವತ್ಸಲಾ ನೋಡಿ, "ಅದರ ತಲೆ ಮೇಲೆ ಇಡ್ಲಿ ಪಾತ್ರೆ ಯಾಕೆ ಇಟ್ಟಿದ್ದೀರಿ?" ಎಂದು ಕೇಳಿದಳು. ಆ ಹೆಸರು ಉಳಿಯಿತು.

ಸ್ಟಿಯರಿಂಗಿಗೂ ನಾನೇ ನಕ್ಷೆ ಬರೆದೆ. ಸೈಕಲ್ ಚೈನಿನ ಬದಲು ದಪ್ಪ ಚೈನು, ಅದು ಜಾರದಂತೆ ಎರಡು ತಡೆ. ಬಸಣ್ಣ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಚಿತ್ರ ಚೆಂದ ಐತ್ರೀ ಸಾಹೇಬ್ರ. ಆದ್ರ ಚೈನ್ ಅಂದ್ರ ಸೈಕಲ್ಲಿಂದು. ಇಷ್ಟ ದೊಡ್ಡ ಗಾಡಿಗೆ ಮರ್ಯಾದಿ ಬ್ಯಾಡೇನು? ಎರಡ ಹಲ್ಲಿನ ಗಾಲಿ ಹಾಕ್ತೀನಿ, ಕಬ್ಬಿಣಕ್ಕ ಕಬ್ಬಿಣ. ಸಾಯೂತನಕ ಜಾರಂಗಿಲ್ಲ."

ಹಾಕಿದ. ಬಹಳ ಚೆನ್ನಾಗಿಯೇ ಹಾಕಿದ. ಅಂದು ಶೆಡ್ಡಿನ ಮುಂದೆ ಅಕ್ಕಪಕ್ಕದವರೆಲ್ಲ ಸೇರಿದ್ದರು. ನಾನು ಒಳಗೆ ಕೂತು ಬಾಗಿಲು ಮುಚ್ಚಿದೆ. ಬಸಣ್ಣ ಕಿಟಕಿಗೆ ಬಂದು, "ಹೊಡೀರಿ ಸಾಹೇಬ್ರ, ಸಾವಕಾಶ ಹೊಡೀರಿ" ಎಂದ. ನಾವು ಬಿಡುವುದಕ್ಕೆ ಅವರ ಕಡೆ ಹೊಡೆಯುವುದು ಎನ್ನುತ್ತಾರೆ. ಎದುರಿಗೆ ಎಡಕ್ಕೆ ಕಂಪೌಂಡ್ ಗೋಡೆ, ಬಲಕ್ಕೆ ರಸ್ತೆ. ನಾನು ಬಲಕ್ಕೆ ತಿರುಗಿಸಿದೆ. ಕಾರು ಗಂಭೀರವಾಗಿ ಎಡಕ್ಕೆ ತಿರುಗಿತು. ಇನ್ನಷ್ಟು ಬಲಕ್ಕೆ ತಿರುಗಿಸಿದೆ. ಅದು ಇನ್ನಷ್ಟು ಎಡಕ್ಕೆ ಹೋಗಿ, ಸಾವಕಾಶವಾಗಿಯೇ, ಗೋಡೆಗೆ ಹೊಡೆಯಿತು.

ಎರಡು ಹಲ್ಲಿನ ಗಾಲಿ ಒಂದಕ್ಕೊಂದು ಕಚ್ಚಿಕೊಂಡರೆ ಒಂದು ಬಲಕ್ಕೆ ತಿರುಗಿದಾಗ ಇನ್ನೊಂದು ಎಡಕ್ಕೆ ತಿರುಗುತ್ತದೆ. ಯಂತ್ರಗಳ ನಕ್ಷೆ ಬರೆದೇ ಹೊಟ್ಟೆ ಹೊರೆಯುವ ನಾನು ಅವನ ಪಕ್ಕದಲ್ಲೇ ಮಲಗಿಕೊಂಡು, ಟಾರ್ಚು ಹಿಡಿದುಕೊಂಡು, ಆ ಎರಡು ಗಾಲಿಗಳನ್ನು ಮೆಚ್ಚಿಕೊಂಡಿದ್ದೆ. ಇಬ್ಬರಿಗೂ ಹೊಳೆದಿರಲಿಲ್ಲ. ಬಸಣ್ಣ ಮಾತ್ರ ಸೋಲಲಿಲ್ಲ. "ಹೊಡೀರಿ ಅಂದೆ, ಹೊಡದ್ರಿ" ಎಂದ. ನಡುವೆ ಮೂರನೆಯ ಗಾಲಿ ಬಂದ ಮೇಲೆ ಬಲ ಬಲವಾಯಿತು, ಎಡ ಎಡವಾಯಿತು. ಮೂತಿಯ ತಗ್ಗನ್ನು ಹಾಗೇ ಉಳಿಸಿಕೊಂಡೆವು.

ಮಳೆಗಾಲಕ್ಕೆ ಸ್ವಲ್ಪ ಮುಂಚೆ ನಾನು ಬೊರಿವಲಿಯಿಂದ ಫೋರ್ಟಿಗೆ ಕಾರಿನಲ್ಲಿ ಹೋಗತೊಡಗಿದೆ. ಟ್ರ್ಯಾಕ್ಟರಿನಂತೆ ಸದ್ದು, ಆನೆಯಂತೆ ನಡಿಗೆ. ಸಿಗ್ನಲ್ಲಿನಲ್ಲಿ ಪಕ್ಕದ ಟ್ಯಾಕ್ಸಿಯವರು ಇಡ್ಲಿ ಪಾತ್ರೆಯನ್ನು ತೋರಿಸಿ, ಸೇಠ್, ನಾಷ್ಟಾ ಆಯಿತಾ ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಹೊತ್ತಿಗೆ ಸರಿಯಾಗಿ ಆಫೀಸು ಮುಟ್ಟಿದೆ. ಗೆರೆ ನೆಟ್ಟಗಾಯಿತು. ಚೀಫ್ ಮೈಸೂರಿನ ಮಾತು ಎತ್ತಲಿಲ್ಲ. ಬಣ್ಣ ಒಂದೇ ಮಾಡಿಸೋಣ ಎಂದರೆ ವತ್ಸಲಾ ಬೇಡವೆಂದಳು. ಬೆಳಿಗ್ಗೆ ನಾನು ಹೋಗುವಾಗ ಎದುರು ಬಿಲ್ಡಿಂಗಿನವರಿಗೆ ಒಂದು ಬದಿ ಕಾಣುತ್ತಿತ್ತು, ಸಂಜೆ ಬರುವಾಗ ಇನ್ನೊಂದು. ನಮ್ಮ ಹತ್ತಿರ ಎರಡು ಇಂಪಾಲಾ ಇವೆ, ಒಂದನ್ನು ಎಲ್ಲೋ ಬಚ್ಚಿಟ್ಟಿದ್ದೇವೆ ಎಂದು ಸೊಸೈಟಿ ಮೀಟಿಂಗಿನಲ್ಲಿ ಒಬ್ಬರು ಗಂಭೀರವಾಗಿ ದೂರು ಕೊಟ್ಟರು.

ಡಾಕ್ಟರರ ಮಾತು ಮೀರಿದೆನಲ್ಲ ಎಂದು ಸ್ವಲ್ಪ ಅಳುಕಿತ್ತು. ಒಂದು ದಿನ ಹೋಗಿ, ನೀವು ಗಾಡಿ ಓಡಿಸಬೇಡಿ ಎಂದಿದ್ದಿರಿ, ನಾನು ಓಡಿಸುತ್ತಿದ್ದೇನೆ, ಕೈ ಸರಿಹೋಗಿದೆ ಎಂದು ಹಿಂದಿಯಲ್ಲಿ ಒಪ್ಪಿಸಿದೆ. ಅವರು ಕನ್ನಡಕ ತೆಗೆದರು. ನಾನು ಹಾಗೆ ಯಾವಾಗ ಹೇಳಿದೆ ಎಂದರು. ಅವರು ಹೇಳಿದ್ದು ಲೋಕಲ್ಲಿನ ವಿಷಯವಂತೆ. ಬಿಡಬೇಡಿ, ಒಂದೇ ಸ್ಟೇಷನ್ನಾದರೂ ಸರಿ, ದಿನಾ ಹತ್ತಿ, ಬಿಟ್ಟರೆ ಆ ಹೆದರಿಕೆ ಹೋಗುವುದಿಲ್ಲ ಎಂದು. ಹೇಳದೇ ಇದ್ದ ಮಾತನ್ನು ನಾನು ಮೀರಿದ್ದೆ. ಹೇಳಿದ ಮಾತನ್ನೂ ಮೀರಿದ್ದೆ. ಮನೆಗೆ ಬಂದು ಹೇಳಿದಾಗ ವತ್ಸಲಾ ನಕ್ಕಳು, ಆಮೇಲೆ ನಗು ನಿಲ್ಲಿಸಿ, "ಹಾಗಾದ್ರೆ ನೀವಿನ್ನೂ ಹತ್ತಿಲ್ಲ" ಎಂದಳು. ಅದು ಮುಳ್ಳಿನಂತೆ ಉಳಿಯಿತು. ಕಾರು ಎಷ್ಟು ಚೆನ್ನಾಗಿ ಓಡಿದರೂ ನಾನು ಓಡಿಹೋಗುತ್ತಿರುವವನೇ ಎಂದು ಅನಿಸತೊಡಗಿತು.

ಆಮೇಲೆ ಆ ಮಳೆ ಬಂತು. ಮಧ್ಯಾಹ್ನದ ಹೊತ್ತಿಗೆ ಹಳಿಗಳ ಮೇಲೆ ನೀರು, ಲೋಕಲ್ ಬಂದ್ ಎಂಬ ಸುದ್ದಿ. ವತ್ಸಲಾಳ ಶಾಲೆಗೆ ಫೋನು ಮಾಡಿದರೆ ವಾಚ್‌ಮನ್, ಟೀಚರ್‌ಬಾಯಿ ಆಗಲೇ ದಾದರ್ ಸ್ಟೇಷನ್ನಿಗೆ ಹೋದರು ಎಂದ. ನಾನು ಕಾರು ತೆಗೆದೆ. ಪರೇಲ್ ಮುಟ್ಟುವಾಗ ನೀರು ಹೆಡ್‌ಲೈಟಿನವರೆಗೆ ಬಂದಿತ್ತು. ಎರಡೂ ಬದಿಗೆ ಪದ್ಮಿನಿ, ಅಂಬಾಸಡರ್, ಒಂದರ ಹಿಂದೆ ಒಂದು ಕೆಟ್ಟು ನಿಂತಿದ್ದವು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಕಿಡಿಗೆ ನೀರು ತಗಲಿದರೆ ಮುಗಿಯಿತು. ನಮ್ಮ ಟೆಂಪೋ ಎಂಜಿನ್ನಿಗೆ ಕಿಡಿ ಬೇಡ, ಉಸಿರು ಸಿಕ್ಕರೆ ಸಾಕು. ಊರೆಲ್ಲ ನಕ್ಕಿದ್ದ ಆ ಇಡ್ಲಿ ಪಾತ್ರೆ ನೀರಿಗಿಂತ ಎಷ್ಟೋ ಮೇಲೆ ಕೂತು ಉಸಿರಾಡುತ್ತಿತ್ತು. ಮೊದಲ ಗೇರಿನಲ್ಲಿ, ಕಾಲು ತೆಗೆಯದೆ, ದಾದರ್ ಮುಟ್ಟಿದೆ.

ಹೂವಿನ ಮಾರ್ಕೆಟ್ಟಿನ ಪಕ್ಕ ಏರಿನಲ್ಲಿ ಕಾರು ನಿಲ್ಲಿಸಿ ಸೇತುವೆ ಹತ್ತಿದೆ. ಪ್ಲಾಟ್‌ಫಾರ್ಮಿನಲ್ಲಿ ಬೊರಿವಲಿಯ ಸ್ಲೋ ಗಾಡಿ ಸುಮ್ಮನೆ ನಿಂತಿತ್ತು. ಬಾಗಿಲುಗಳಲ್ಲಿ ಜನ. ನಾನು ಡಬ್ಬಿಯಿಂದ ಡಬ್ಬಿಗೆ ಇಣುಕುತ್ತ ನಡೆದೆ. ನಡುವಿನ ಲೇಡೀಸ್ ಡಬ್ಬಿಯ ಒಳಗೆ, ಕಿಟಕಿಯ ಪಕ್ಕ, ಅವಳ ಹಸಿರು ಸೀರೆ ಕಾಣಿಸಿತು. ಕರೆದೆ, ಮಳೆಯ ಸದ್ದಿಗೆ ಕೇಳಿಸಲಿಲ್ಲ. ಒಳಗೆ ಹೋಗಿ ಅವಳ ಭುಜ ಮುಟ್ಟಿದೆ.

"ಓ ಭಾವೂ, ಲೇಡೀಸ್ ಡಬಾ ಆಹೇ, ದಿಸತ್ ನಾಹೀ ಕಾ?" ಕಣ್ಣು ಕಾಣುವುದಿಲ್ಲವೇ ಎಂದು ಒಬ್ಬಾಕೆ ಛತ್ರಿ ಎತ್ತಿದರು. ಸುತ್ತ ಇನ್ನೂ ನಾಲ್ಕೈದು ದನಿ ಎದ್ದವು. ವತ್ಸಲಾ ನನ್ನನ್ನೇ ನೋಡುತ್ತಿದ್ದಳು.

"ಏನ್ರೀ, ನೀವು ಎಲ್ಲಿ ನಿಂತಿದ್ದೀರಿ ಗೊತ್ತಾ?"

"ಲೇಡೀಸ್ ಡಬ್ಬಿ. ಗೊತ್ತಾಯ್ತು ಕಣೇ, ಇಳೀತೀನಿ."

"ಅದಲ್ಲ," ಎಂದಳು. "ಗಾಡೀಲಿ ನಿಂತಿದ್ದೀರಿ."

ನಾನು ಮೇಲೆ ನೋಡಿದೆ. ನನ್ನ ಬಲಗೈ ಕಂಬಿಯ ಹಿಡಿಯನ್ನು ಹಿಡಿದಿತ್ತು. ನಡುಗುತ್ತಿರಲಿಲ್ಲ. ಛತ್ರಿಯಾಕೆ ಇನ್ನೂ ಬೈಯುತ್ತಲೇ ಇದ್ದರು, ನನಗೆ ನಗು ಬಂತು, ಅವರಿಗೆ ಸಿಟ್ಟು ಹೆಚ್ಚಾಯಿತು. ಆಮೇಲೆ ವತ್ಸಲಾ ಅವರಿಗೆ ಮರಾಠಿಯಲ್ಲಿ ಏನೋ ಹೇಳಿದಳು. ಆಕೆ ಛತ್ರಿ ಇಳಿಸಿ, ನಿಮ್ಮ ಕಾರಿನಲ್ಲಿ ಜಾಗ ಇದೆಯೇ ಎಂದು ಕೇಳಿದರು.

ಜಾಗವೇ. ವತ್ಸಲಾ ಮುಂದೆ ಕೂತಳು, ಆ ಡಬ್ಬಿಯ ಹೆಂಗಸರು ಹಿಂದೆ, ಮುಂದೆ, ಒಬ್ಬರ ತೊಡೆಯ ಮೇಲೆ ಒಬ್ಬರು. ಹತ್ತುವಾಗ ಮೊದಲು ಚೀಲಗಳು ಬಂದವು. ನಾನು ತೆಗೆದುಕೊಂಡು ಹಿಂದಕ್ಕೆ ದಾಟಿಸಿದೆ. ಪ್ರತಿ ಸಲ ತಿರುಗಿ ನೋಡಿದಾಗಲೂ ಕೊಟ್ಟವರು ಅಲ್ಲಿಯೇ ಇದ್ದರು. ಆಮೇಲೆ ಎರಡೂ ಬಾಗಿಲುಗಳನ್ನು ನಾನೇ ಮುಚ್ಚಿದೆ. ಮಾಹಿಮ್, ಬಾಂದ್ರಾ, ಅಂಧೇರಿ. ಸೊಂಟದವರೆಗಿನ ನೀರಿನಲ್ಲಿ ಕಾರು ತಳ್ಳುತ್ತಿದ್ದವರು ತಲೆ ಎತ್ತಿ ನೋಡುತ್ತಿದ್ದರು. ಆ ಬದಿಯವರಿಗೆ ಕೆಂಪು ಕಾರು, ಈ ಬದಿಯವರಿಗೆ ಬಿಳಿ ಕಾರು. ಹಿಂದಿನ ಸೀಟಿನಲ್ಲಿ ಅಂತಾಕ್ಷರಿ ನಡೆಯುತ್ತಿತ್ತು, ರೆಕ್ಸಿನ್ ಒದ್ದೆಯಾಗಿತ್ತು, ಡ್ಯಾಶ್‌ಬೋರ್ಡಿನ ಸಂದಿನಿಂದ ಬಿಸಿ ಡೀಸೆಲ್ ವಾಸನೆ ಬರುತ್ತಿತ್ತು. ಗೋರೆಗಾಂವಿನಲ್ಲಿ ಬಸಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತು, ದಾರಿಹೋಕರಿಗೆಲ್ಲ "ನಾ ಮಾಡಿದ್ದು, ನಾ ಮಾಡಿದ್ದು" ಎಂದು ಕೈ ತೋರಿಸುತ್ತಿದ್ದ. ನಾನು ಹಾರ್ನ್ ಒತ್ತಿದೆ. ರಾಜರು ಮೆರವಣಿಗೆಯಲ್ಲಿ ಹೇಗೆ ಕೂರುತ್ತಾರೆಂದು ನನಗೆ ಗೊತ್ತಿಲ್ಲ. ಆದರೆ ಹೀಗೆ ಮೈಯೆಲ್ಲ ಒದ್ದೆಯಾಗಿ ಕೂರುವುದರಲ್ಲಿ ಇದ್ದ ಸುಖ ಅವರಿಗೆ ಸಿಕ್ಕಿರಲಾರದು.

ನೀರು ಇಳಿದು ಗಾಡಿಗಳು ಶುರುವಾದ ಮೇಲೆ ಒಂದು ಬೆಳಿಗ್ಗೆ ಬೊರಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದೆ. ಮೊದಲ ದಿನ ಒಂದೇ ಸ್ಟೇಷನ್. ಕಾರು ಭಾನುವಾರಕ್ಕೆ ಉಳಿಯಿತು, ತೊಂಬತ್ತರ ದಶಕದಲ್ಲಿ ಒಂದೆರಡು ವರ್ಷ ನಮ್ಮನ್ನು ಹೊತ್ತಿತು. ಕೊನೆಗೆ ಬಸಣ್ಣನೇ ಬಂದು ಕರೆದುಕೊಂಡು ಹೋದ. ಅದರ ಬಾನೆಟ್ಟು ಬಹಳ ಕಾಲ ಅವನ ಪಕ್ಕದ ಚಹಾ ಅಂಗಡಿಗೆ ಸೂರಾಗಿತ್ತು. ತೂತಿನ ಕೆಳಗೆ ಮಾತ್ರ ಯಾರೂ ಬೆಂಚು ಹಾಕುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಕೆಳಗೆ ಟ್ಯಾಂಕರ್ ಕೆಮ್ಮಿ ಕೆಮ್ಮಿ ನಿಂತುಹೋಯಿತು. ಡ್ರೈವರ್ ಎಷ್ಟು ಕೀಲಿ ತಿರುಗಿಸಿದರೂ ಹತ್ತಲಿಲ್ಲ. ಆ ಸದ್ದು ನನಗೆ ಗೊತ್ತು. ಡೀಸೆಲ್ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದೆ. ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಯಿಂದ ಪಂಪು ಒತ್ತಿ, ಬಿಗಿದು, ಈಗ ಹಾಕು ಎಂದೆ. ಒಂದೇ ಸಲಕ್ಕೆ ಗುಡುಗಿತು. ಹೊಗೆ ನೇರ ನಮ್ಮ ಅಡುಗೆಮನೆಗೆ ಹೋಯಿತು. ತಲೆ ಎತ್ತಿದರೆ ವತ್ಸಲಾ ಕಿಟಕಿಯನ್ನು ಪೂರ್ತಿ ತೆರೆದು, ಸರಳಿಗೆ ಮುಖ ಇಟ್ಟುಕೊಂಡು ನಿಂತಿದ್ದಳು. ಇವತ್ತು ನಾವಿಬ್ಬರೂ ಲೋಕಲ್ಲಿನಲ್ಲಿ ದಾದರಿಗೆ ಹೋಗಬೇಕಿತ್ತು, ಅವಳ ಹಳೆಯ ಶಾಲೆಯಲ್ಲಿ ಏನೋ ಸಮಾರಂಭ.

"ಸಾಕು, ಗಾಡಿ ಬಿಡಿ ಇನ್ನ," ಎಂದು ಮೇಲಿನಿಂದಲೇ ಕೂಗಿದಳು. "ಕಾಫಿ ಆರ್ತಾ ಇದೆ."

"ಬಿಡಿ ಅಂದ್ರೆ? ಓಡಿಸೋದೋ, ಕೈಬಿಡೋದೋ?"

"ನಿಮಗೆ ಯಾವುದು ಬರತ್ತೋ ಅದು."

ನನಗೆ ಬರುವುದು ಒಂದೇ. ಕೈ ಒರೆಸಿಕೊಂಡು, ಡ್ರೈವರನನ್ನು ಆ ಕಡೆ ಸರಿಯಲು ಹೇಳಿ, ಮೇಲೆ ಹತ್ತಿ ಬಾಗಿಲು ಎಳೆದುಕೊಂಡೆ. ಗೇಟಿನವರೆಗೆ ನಾನೇ ಬಿಟ್ಟೆ.